ಅಪಾಯ ಬೇರೆ, ಅಪಾಯದ ನೆನಪು ಬೇರೆ

(ಮಹಿಳಾ ವಿಭಾಗದ ಆರೋಗ್ಯ ಮಾಲಿಕೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೊರೊನಾ ಕಾಲದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕೇಳಿದ್ದೀರಿ. ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು ವೈದ್ಯೆಯಲ್ಲ, ಮನಶ್ಶಾಸ್ತ್ರ ಓದಿದವಳೂ ಅಲ್ಲ. ಎಂ.ಟೆಕ್. ಮುಗಿಸಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವಳು. ಮನೆ ಮುಂಬ್ರಾದಲ್ಲಿ. ನಮ್ಮ ಮಹಡಿಯಲ್ಲಿಯೇ ಇರುವ ಒಬ್ಬರು ದೊಡ್ಡ ಮಾನಸಿಕ ಆಘಾತದಿಂದ ಚೇತರಿಸಿಕೊಂಡದ್ದನ್ನು, ಅದೂ ಲಾಕ್‌ಡೌನ್ ಕಾಲದಲ್ಲಿ ಚೇತರಿಸಿಕೊಂಡದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಆ ಕುತೂಹಲದಿಂದ ವಿಷಯವನ್ನು ಓದಿ ತಿಳಿದುಕೊಂಡೆ. ಇವತ್ತು ಹೇಳುವುದು ಅದನ್ನೇ. ಅವರ ಒಪ್ಪಿಗೆ ಪಡೆದಿದ್ದೇನೆ; ಹೆಸರು, ಊರು ಹೇಳುವುದಿಲ್ಲ. ನಾನು ಅವರನ್ನು ಕರೆಯುವ ಹಾಗೆ ‘ಅಕ್ಕ’ ಎಂದಷ್ಟೇ ಹೇಳುತ್ತೇನೆ.

ನಮ್ಮ ಈ ಭಾಗಕ್ಕೆ ಆಘಾತ ಹೊಸದಲ್ಲ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. 2013ರ ಏಪ್ರಿಲ್ 4ರಂದು ನಮ್ಮ ಮುಂಬ್ರಾ ಬಳಿಯ ಶಿಳ್‌ಫಾಟಾದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 74 ಮಂದಿ ಸತ್ತರು. ಕೊರೊನಾದ ನಡುವೆಯೇ, 2020ರ ಸೆಪ್ಟೆಂಬರ್‌ನಲ್ಲಿ, ಭಿವಂಡಿಯಲ್ಲಿ ಮತ್ತೊಂದು ಕಟ್ಟಡ ಬಿತ್ತು. ಸತ್ತವರ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಬದುಕಿ ಉಳಿದವರು, ಕಣ್ಣಾರೆ ಕಂಡವರು ಆಮೇಲೆ ಹೇಗಿದ್ದಾರೆ ಎಂಬ ಲೆಕ್ಕ ಎಲ್ಲೂ ಬರುವುದಿಲ್ಲ. ಅವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ಕೆಲವರಿಗೆ ಹಾಗೆ ಆಗುವುದಿಲ್ಲ. ಕಂಡದ್ದು ಕನಸಿನಲ್ಲಿ ಮರಳಿ ಬರುತ್ತದೆ. ಸಣ್ಣ ಸದ್ದಿಗೂ ಬೆಚ್ಚಿ ಬೀಳುತ್ತಾರೆ. ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ. ಆ ಜಾಗ, ಆ ಮಾತು, ಆ ನೆನಪು ಎಲ್ಲದರಿಂದ ತಪ್ಪಿಸಿಕೊಂಡು ಓಡಾಡುತ್ತಾರೆ. ಇದು ಒಂದು ತಿಂಗಳು ಮೀರಿಯೂ ಉಳಿದು ದಿನನಿತ್ಯದ ಬದುಕನ್ನು ಕೆಡಿಸಿದರೆ ಅದಕ್ಕೆ ವೈದ್ಯರು ಪಿಟಿಎಸ್‌ಡಿ ಎನ್ನುತ್ತಾರೆ. ಈ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಕಾಯಿಲೆ ಮಾತ್ರ ಮನುಷ್ಯನಷ್ಟೇ ಹಳೆಯದು.

ಅಕ್ಕನ ವಿಷಯಕ್ಕೆ ಬರುತ್ತೇನೆ. ಅವರು ಘಾಟ್ಕೋಪರ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರು. 2019ರ ಮಳೆಗಾಲದ ಒಂದು ಸಂಜೆ, ಕಿಕ್ಕಿರಿದ ಲೇಡೀಸ್ ಡಬ್ಬಿಯಲ್ಲಿ ಬರುತ್ತಿದ್ದಾಗ, ಕಳವಾ ದಾಟಿದ ಮೇಲೆ ಬಾಗಿಲ ಬಳಿ ನಿಂತಿದ್ದ ಒಬ್ಬ ಹುಡುಗಿ ಅವರ ಕಣ್ಣೆದುರೇ ಕೆಳಗೆ ಬಿದ್ದುಬಿಟ್ಟಳು. ಅಕ್ಕನ ಕೈಗೆ ಅವಳ ದುಪಟ್ಟಾದ ಅಂಚು ತಾಗಿತ್ತಂತೆ. ಅಂದಿನಿಂದ ಅಕ್ಕ ರೈಲು ಹತ್ತಲಿಲ್ಲ. ರಿಕ್ಷಾ, ಬಸ್ಸು, ಮತ್ತೊಂದು ಬಸ್ಸು. ಹೋಗಿ ಬರಲು ದಿನಕ್ಕೆ ಐದು ತಾಸು. ಸಂಬಳದ ಒಂದು ಪಾಲು ದಾರಿಗೇ ಹೋಯಿತು. ಡೊಂಬಿವಲಿಯಲ್ಲಿರುವ ಸ್ವಂತ ತಂಗಿಯ ಮನೆಗೆ ಹೋಗುವುದನ್ನೂ ಬಿಟ್ಟರು. “ಆ ಹುಡುಗಿಯ ಕೈ ಹಿಡಿಯಬಹುದಿತ್ತು” ಎಂಬ ಒಂದೇ ಮಾತು ರಾತ್ರಿ ಹಗಲು. 2020ರ ಜನವರಿಯಲ್ಲಿ ಅವರ ಯಜಮಾನರು ಒತ್ತಾಯ ಮಾಡಿ ಥಾಣೆಯಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿ ಕರೆದುಕೊಂಡು ಹೋದರು. ಅಲ್ಲಿ ಶುರುವಾದದ್ದು ಎಕ್ಸ್‌ಪೋಷರ್ ಥೆರಪಿ.

ಏನಿದು? ಹೆದರಿಕೆಯಿಂದ ಓಡದೆ, ಸುರಕ್ಷಿತವಾದ ರೀತಿಯಲ್ಲಿ, ಸ್ವಲ್ಪಸ್ವಲ್ಪವಾಗಿ ಅದರ ಎದುರು ನಿಲ್ಲುವುದನ್ನು ಕಲಿಸುವ ಚಿಕಿತ್ಸೆ. ನೀರಿಗೆ ಹೆದರುವ ಮಗುವನ್ನು ಊರಿನ ಕೆರೆಗೆ ನೂಕಿದರೆ ಅದು ಈಜು ಕಲಿಯುವುದಿಲ್ಲ, ಹೆದರಿಕೆಯನ್ನೇ ಕಲಿಯುತ್ತದೆ. ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಬೇಕು. ಪ್ರತಿ ಮೆಟ್ಟಿಲಲ್ಲೂ ನಡುಕ ಇಳಿಯುವ ತನಕ ನಿಲ್ಲಿಸಬೇಕು. ಅಷ್ಟೇ ಇದರ ತತ್ವ. ಆಘಾತಕ್ಕೆ ಒಳಗಾದವರಿಗಾಗಿ ಇದನ್ನು ಒಂದು ಕ್ರಮಕ್ಕೆ ತಂದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಡ್ನಾ ಫೋವಾ. ಸಾಮಾನ್ಯವಾಗಿ 8ರಿಂದ 15 ಭೇಟಿಗಳು, ಒಂದೊಂದೂ ಒಂದೂವರೆ ತಾಸಿನಷ್ಟು. ಇದರಲ್ಲಿ ಎರಡು ಮುಖ್ಯ ಭಾಗ. ಒಂದು, ತಪ್ಪಿಸಿಕೊಂಡು ಓಡಾಡುವ ಜಾಗಗಳಿಗೆ ನಿಜವಾಗಿ ಹೋಗುವುದು. ಇನ್ನೊಂದು, ಆ ಘಟನೆಯನ್ನು ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿದೆಯೋ ಎಂಬಂತೆ ಬಾಯಿಬಿಟ್ಟು ಹೇಳುವುದು. ಆಮೇಲೆ ಅದರ ಬಗ್ಗೆ ಕೂತು ಮಾತಾಡುವುದು. ಹೆದರಿಕೆಯನ್ನು ಸೊನ್ನೆಯಿಂದ ನೂರರ ವರೆಗೆ ಅಂಕ ಹಾಕಿ ಅಳೆಯುತ್ತಾರೆ. ಅಕ್ಕನ ಪಟ್ಟಿಯಲ್ಲಿ ಸ್ಟೇಷನ್ ಹೊರಗೆ ನಿಲ್ಲುವುದಕ್ಕೆ 30, ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವುದಕ್ಕೆ 50, ಖಾಲಿ ರೈಲು ಹತ್ತುವುದಕ್ಕೆ 75, ಸಂಜೆಯ ಜನಜಂಗುಳಿಗೆ 100. ಮಾರ್ಚ್ ಎರಡನೆಯ ವಾರದ ಹೊತ್ತಿಗೆ ಅವರು ಮುಂಬ್ರಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುವಷ್ಟಾಗಿದ್ದರು.

ಅಷ್ಟರಲ್ಲಿ ರೈಲುಗಳೇ ನಿಂತುಹೋದವು.

2020ರ ಮಾರ್ಚ್ 22ರ ಮಧ್ಯರಾತ್ರಿಯಿಂದ ಮುಂಬಯಿಯ ಲೋಕಲ್ ಬಂದ್. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದೇ ನಮ್ಮ ಥಾಣೆಯಲ್ಲಿ. ಆ ಹಳಿ ಅಷ್ಟು ದಿನ ಸುಮ್ಮನಿದ್ದದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಜೂನ್ 15ಕ್ಕೆ ಮತ್ತೆ ಶುರುವಾದರೂ ಅಗತ್ಯ ಸೇವೆಯವರಿಗೆ ಮಾತ್ರ. ರೈಲಿನ ಹೆದರಿಕೆಗೆ ರೈಲಿನಲ್ಲೇ ಔಷಧಿ ಎಂದು ಹೊರಟವರಿಗೆ ರೈಲೇ ಇಲ್ಲ, ಡಾಕ್ಟರ ಕೋಣೆಯೂ ಇಲ್ಲ.

ವಿಚಿತ್ರ ಏನೆಂದರೆ ಅಕ್ಕ ಮೊದಮೊದಲು ಬಹಳ ಹಗುರಾದರು. “ಇನ್ನು ಎಂತ ಚಿಕಿತ್ಸೆ ಮಾರಾಯ್ತಿ, ರೈಲೇ ಇಲ್ಲದ ಮೇಲೆ ಹೆದರಿಕೆಯೂ ಇಲ್ಲ” ಎಂದು ನಕ್ಕರು. ನನಗೂ ಅದು ಸರಿ ಎಂದೇ ತೋರಿತು. ಆದರೆ ಅವರ ಮನಶ್ಶಾಸ್ತ್ರಜ್ಞೆ ಫೋನಿನಲ್ಲಿ ಹೇಳಿದ ಮಾತು ನೋಡಿ: “ಹೆದರಿಕೆ ಹೋಗಿಲ್ಲ, ಪರೀಕ್ಷೆ ಮುಂದೆ ಹೋಗಿದೆ ಅಷ್ಟೆ.” ಆ ವರ್ಷ ಮಕ್ಕಳಿದ್ದ ಎಲ್ಲ ಮನೆಯವರಿಗೂ ಈ ಮಾತು ಅರ್ಥವಾಗುವಂಥದ್ದು! ಆಘಾತಕ್ಕೆ ಒಳಗಾದವರು ಮನೆ ಹಿಡಿದು ಕೂತರೆ ಬೇರೆ ದಿನಗಳಲ್ಲಿ ಮನೆಯವರು ಚಿಂತೆ ಮಾಡುತ್ತಾರೆ. ಆ ದಿನಗಳಲ್ಲಿ ಸರಕಾರವೇ “ಮನೆಯಲ್ಲೇ ಇರಿ” ಎನ್ನುತ್ತಿತ್ತು. ತಪ್ಪಿಸಿಕೊಳ್ಳುವುದೇ ಒಳ್ಳೆಯ ನಾಗರಿಕರ ಲಕ್ಷಣವಾಯಿತು. ಹಗಲು ಅಕ್ಕ ಚೆನ್ನಾಗಿದ್ದರು. ರಾತ್ರಿ ಗೂಡ್ಸ್ ಗಾಡಿ ಹೋದ ಸದ್ದಿಗೆ ಎದ್ದು ಕೂತುಕೊಳ್ಳುತ್ತಿದ್ದರು.

ಹಾಗಾದರೆ ಚಿಕಿತ್ಸೆಯನ್ನು ಹೇಗೆ ಮುಂದುವರಿಸಿದರು? ಇಲ್ಲಿ ಗಮನಿಸಬೇಕಾದ ಮಾತು ಎಂದರೆ ತತ್ವ ಬದಲಾಗಲಿಲ್ಲ, ದಾರಿ ಬದಲಾಯಿತು.

ಮೊದಲನೆಯದು ಫೋನ್. ಕೇಂದ್ರ ಸರಕಾರ 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ವೈದ್ಯರು ವಿಡಿಯೋ, ಫೋನ್ ಮೂಲಕ ಸಲಹೆ ಕೊಡುವುದಕ್ಕೆ ಸ್ಪಷ್ಟ ನಿಯಮ ಸಿಕ್ಕಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ, ಭಾರತೀಯ ಮನೋವೈದ್ಯರ ಸಂಘ ಮೊದಲಾದವರು ಸೇರಿ ದೂರದಿಂದಲೇ ಮನೋವೈದ್ಯಕೀಯ ಮಾಡುವವರಿಗಾಗಿ ಪ್ರತ್ಯೇಕ ಮಾರ್ಗಸೂಚಿಯನ್ನೂ ಅದೇ ವರ್ಷ ತಂದರು. ಪರದೆಯ ಮೇಲೆ ಇಂಥ ಚಿಕಿತ್ಸೆ ನಡೆಯುತ್ತದೆಯೇ ಎಂಬ ಸಂಶಯ ನನಗೂ ಇತ್ತು. ಆದರೆ ಕೊರೊನಾಕ್ಕೆ ಮೊದಲೇ, 2017ರಲ್ಲಿ, ಅಮೆರಿಕದ ಮಾಜಿ ಸೈನಿಕರ ನಡುವೆ ನಡೆದ ಒಂದು ಅಧ್ಯಯನ, ಮನೆಯಲ್ಲೇ ವಿಡಿಯೋ ಮೂಲಕ ಕೊಟ್ಟ ಎಕ್ಸ್‌ಪೋಷರ್ ಚಿಕಿತ್ಸೆ ಎದುರುಬದುರು ಕೊಟ್ಟದ್ದಕ್ಕಿಂತ ಕಡಿಮೆಯಿಲ್ಲ ಎಂದು ತೋರಿಸಿತ್ತು.

ಆದರೆ ನಡುವೆ ನೆಟ್‌ವರ್ಕ್ ಹೋದರೆ? ನಮ್ಮ ಆಫೀಸ್ ಮೀಟಿಂಗಿನಲ್ಲಿ ಹೋದರೆ ಪುಣ್ಯ ಎನ್ನುತ್ತೇವೆ. ಹುಡುಗಿ ಬೀಳುವ ಕ್ಷಣವನ್ನು ಹೇಳುತ್ತಿರುವಾಗ ಹೋದರೆ ಆ ಹೆಂಗಸು ಒಬ್ಬಳೇ ಆ ಬಾಗಿಲ ಬಳಿ ಉಳಿದುಬಿಡುತ್ತಾಳೆ. ಅದಕ್ಕಾಗಿ ಪ್ರತಿ ಭೇಟಿಯ ಮೊದಲು ಒಂದು ಒಪ್ಪಂದ. ನೀವು ಈಗ ಎಲ್ಲಿದ್ದೀರಿ, ಹತ್ತಿರದಲ್ಲಿ ಯಾರಿದ್ದಾರೆ, ಅವರ ನಂಬರ್ ಯಾವುದು, ಕಾಲ್ ಕಡಿದುಹೋದರೆ ಯಾರು ಮೊದಲು ಮಾಡಬೇಕು ಎಂದು ಮೊದಲೇ ಮಾತಾಗಿರುತ್ತಿತ್ತು. ಕಾಲ್ ಮರಳಿ ಬರುವ ತನಕ ಕಣ್ಣು ತೆರೆದು ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಹೇಳುತ್ತಾ ಇರಬೇಕು. ನಮ್ಮ ಭಾಷೆಯಲ್ಲಿ ಇದಕ್ಕೆ ಬ್ಯಾಕಪ್ ಎನ್ನುತ್ತೇವೆ. ಆ ಹತ್ತಿರದವಳ ನಂಬರ್ ನನ್ನದಾಗಿತ್ತು.

ಎರಡನೆಯದು ಜಾಗ. ಇದನ್ನು ಯಾವ ಮಾರ್ಗಸೂಚಿಯೂ ನಮಗಾಗಿ ಬಿಡಿಸಿಕೊಡಲಾರದು. ಒಂದು ಬೆಡ್‌ರೂಮಿನ ಮನೆ. ಹೊಟೇಲು ಮುಚ್ಚಿದ್ದರಿಂದ ಯಜಮಾನರು ಮನೆಯಲ್ಲಿ, ಇಬ್ಬರು ಮಕ್ಕಳಿಗೆ ಒಂದೇ ಮೊಬೈಲಿನಲ್ಲಿ ಆನ್‌ಲೈನ್ ಕ್ಲಾಸು, ಅತ್ತೆ ಟಿ.ವಿ. ಎದುರು. ಇದರ ನಡುವೆ ಒಬ್ಬ ಹೆಂಗಸು ಬಾಗಿಲು ಹಾಕಿಕೊಂಡು ಒಂದೂವರೆ ತಾಸು ಅಳುತ್ತಾ ಮಾತಾಡುವುದು ಎಲ್ಲಿ? “ಯಾರ ಹತ್ತಿರ ಮಾತಾಡ್ತಾಳೆ ಇವಳು?” ಎಂದು ಅತ್ತೆ ಕೇಳಿದರು. ಕೇಳುವುದು ಸಹಜ. ನನ್ನದು ರಾತ್ರಿ ಪಾಳಿಯ ಕೆಲಸ. ಬೆಳಿಗ್ಗೆ ನನ್ನ ಕೆಲಸದ ಕೋಣೆ ಖಾಲಿ. ವಾರಕ್ಕೊಮ್ಮೆ ಆ ಕೋಣೆ, ಹೆಡ್‌ಫೋನು, ಒಂದು ಚೆಂಬು ನೀರು, ಇಷ್ಟನ್ನು ಕೊಟ್ಟೆ. ಅತ್ತೆಗೆ ಅಕ್ಕನ ಯಜಮಾನರೇ ಹೇಳಿದರು: “ಕೈ ಮುರಿದರೆ ಫಿಸಿಯೋಥೆರಪಿ ಮಾಡ್ತಾರಲ್ಲಮ್ಮ, ಮಾಡುವಾಗ ನೋವಾಗ್ತದೆ, ಬಿಟ್ಟರೆ ಕೈ ಸೆಟೆದುಹೋಗ್ತದೆ. ಇದೂ ಹಾಗೆಯೇ.” ಮುಂದಿನ ವಾರದಿಂದ ಆ ಅತ್ತೆಯೇ ಮಕ್ಕಳು ನಮ್ಮ ಬಾಗಿಲ ಹತ್ತಿರ ಗಲಾಟೆ ಮಾಡದ ಹಾಗೆ ಕಾವಲು ಕೂತರು. ಹೇಳಿದ ಕಥೆಯನ್ನು ರೆಕಾರ್ಡ್ ಮಾಡಿ ದಿನವೂ ಕೇಳುವುದು ಈ ಚಿಕಿತ್ಸೆಯ ಮನೆಪಾಠ. ಮಕ್ಕಳ ಕೈಗೆ ಹೋಗುವ ಮೊಬೈಲಿನಲ್ಲಿ ಅದನ್ನು ಇಡುವಂತಿಲ್ಲ. ಸಿಮ್ ಇಲ್ಲದ ನನ್ನ ಹಳೆಯ ಫೋನಿಗೆ ಪಾಸ್‌ವರ್ಡ್ ಹಾಕಿಕೊಟ್ಟೆ. ನನ್ನ ಎಂ.ಟೆಕ್. ಪದವಿ ಅಷ್ಟು ಉಪಯೋಗಕ್ಕೆ ಬಂದದ್ದು ಬೇರೆ ದಿನ ಇಲ್ಲ!

ಮೂರನೆಯದು ಭಾಷೆ. ಥಾಣೆಯ ಮನಶ್ಶಾಸ್ತ್ರಜ್ಞೆಯ ಬಳಿ ಅಕ್ಕ ಹಿಂದಿಯಲ್ಲಿ ಮಾತಾಡುತ್ತಿದ್ದರು. ದೂರವೇ ಇಲ್ಲದ ಮೇಲೆ ಥಾಣೆಯಾದರೇನು, ಮಂಗಳೂರಾದರೇನು ಎಂದು ಅವರೇ ಕನ್ನಡ ಬಲ್ಲ ಒಬ್ಬ ಸಹೋದ್ಯೋಗಿಯ ಬಳಿಗೆ ಕಳಿಸಿದರು. ಅಕ್ಕ ನನಗೆ ಆಮೇಲೆ ಹೇಳಿದ್ದು: “ಹಿಂದಿಯಲ್ಲಿ ‘ಲಡ್ಕೀ ಗಿರ್ ಗಯೀ’ ಅಂದರೆ ಮುಗಿಯುತ್ತಿತ್ತು. ಕನ್ನಡದಲ್ಲಿ ಹೇಳಲು ಶುರುಮಾಡಿದ ಮೇಲೆ ಅವಳ ಟಿಫಿನ್ ಚೀಲದ ಬಣ್ಣವೂ ನೆನಪಿಗೆ ಬಂತು.” ಕನ್ನಡದಲ್ಲಿ ನಾಲ್ಕನೆಯ ಸಲ ಹೇಳುವಾಗ ಇನ್ನೊಂದು ಸಂಗತಿ ಹೊರಬಂತು. ತನ್ನ ಎರಡೂ ಕೈಗಳು ಆಗ ಜನರ ನಡುವೆ ಸಿಕ್ಕಿಕೊಂಡಿದ್ದವು. ದುಪಟ್ಟಾ ತಾಗಿದ್ದು ಬೆರಳ ತುದಿಗೆ. ಹಿಡಿಯುವುದು ಸಾಧ್ಯವೇ ಇರಲಿಲ್ಲ. ಇದು ಅವರಿಗೆ ಗೊತ್ತಿರದ ಸಂಗತಿಯಲ್ಲ. ನೆನಪಿನಿಂದ ಓಡುತ್ತಿದ್ದ ಕಾರಣ ಒಂದು ವರ್ಷ ಅವರು ಅದರ ಹತ್ತಿರ ಹೋಗಿರಲಿಲ್ಲ ಅಷ್ಟೆ. ಪದೇ ಪದೇ ಹೇಳಿಸುವುದು ಕ್ರೌರ್ಯ ಎಂದು ಕೆಲವರು ಭಾವಿಸುತ್ತಾರೆ. ಅದರ ಉದ್ದೇಶ ಇದು. ಅರ್ಧ ನೆನಪು ಅಪರಾಧಿ ಮಾಡುತ್ತದೆ, ಪೂರ್ತಿ ನೆನಪು ಬಿಡುಗಡೆ ಮಾಡುತ್ತದೆ.

ನಾಲ್ಕನೆಯದು ಮೆಟ್ಟಿಲುಗಳು. ರೈಲು ಹತ್ತಲಾಗದಿದ್ದರೆ ಅದರ ಸದ್ದು ಇದೆಯಲ್ಲ? “ಪುಢೀಲ್ ಸ್ಟೇಶನ್ ಮುಂಬ್ರಾ, ಅಗಲಾ ಸ್ಟೇಶನ್ ಮುಂಬ್ರಾ” ಎಂಬ ಧ್ವನಿ ನಮಗೆ ಎಷ್ಟು ಪರಿಚಿತ! ಆ ಧ್ವನಿಯ ರೆಕಾರ್ಡಿಂಗ್, ಚಲಿಸುವ ಲೋಕಲ್ ಒಳಗಿನ ವಿಡಿಯೋಗಳು ಯೂಟ್ಯೂಬಿನಲ್ಲಿ ಧಾರಾಳವಾಗಿವೆ. ಮೊದಲು ಸದ್ದು ಸಣ್ಣದಾಗಿ, ಆಮೇಲೆ ಹೆಡ್‌ಫೋನಿನಲ್ಲಿ ಜೋರಾಗಿ, ಆಮೇಲೆ ನಿಂತುಕೊಂಡು, ಹೆಗಲಿಗೆ ಆಫೀಸಿನ ಚೀಲ ಹಾಕಿಕೊಂಡು. ಮಾಸ್ಕಿಗೂ ಒಂದು ಪಾಠವಿತ್ತು. ಮಾಸ್ಕ್ ಹಾಕಿ ನಡೆದರೆ ಉಸಿರು ಬಿಗಿಯುತ್ತದೆ. ಆ ಬಿಗಿತ ಹೆದರಿಕೆಯ ಬಿಗಿತದಂತೆಯೇ ಇರುತ್ತದೆ. ಅದಕ್ಕೆ ಮಾಸ್ಕ್ ಹಾಕಿಕೊಂಡು ಕಟ್ಟಡದ ಮೆಟ್ಟಿಲು ಹತ್ತಿ ಇಳಿದು, “ಇದು ದಣಿವು, ಇದು ಹೆದರಿಕೆಯಲ್ಲ” ಎಂದು ದೇಹಕ್ಕೆ ಗುರುತು ಹಿಡಿಸಬೇಕು. ಐದು ಮಹಡಿ ನಾವಿಬ್ಬರೂ ಒಟ್ಟಿಗೆ ಹತ್ತಿದೆವು. ಹೆಚ್ಚು ಏದುಸಿರು ಬಿಟ್ಟವಳು ನಾನು.

ಐದನೆಯದು ಎಲ್ಲಕ್ಕಿಂತ ಮುಖ್ಯ, ನನ್ನ ಮಾತಿನ ಶೀರ್ಷಿಕೆಯೂ ಅದೇ. ಸಾಧಾರಣ ದಿನಗಳಲ್ಲಿ ಚಿಕಿತ್ಸಕರು “ಅಲ್ಲಿ ಅಪಾಯವಿಲ್ಲ, ಹೋಗಿ ನೋಡಿ” ಎನ್ನಬಹುದು. ಕೊರೊನಾ ಕಾಲದಲ್ಲಿ ಹಾಗೆ ಹೇಳುವಂತಿರಲಿಲ್ಲ, ಅಪಾಯ ನಿಜವಾಗಿಯೂ ಇತ್ತು. ಅದಕ್ಕೆ ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಬರೆದರು. ಒಂದು ಕಡೆ ವೈರಸ್ಸಿನ ಲೆಕ್ಕ. ಗುಂಪು ಬೇಡ, ಮಾಸ್ಕ್ ಬೇಕು, ಕೈ ತೊಳೆಯಬೇಕು. ಇದು ಎಲ್ಲರಿಗೂ ಒಂದೇ, ಡಾಕ್ಟರು ಹೇಳಿದಷ್ಟು ಮಾಡಿದರೆ ಸಾಕು. ಇನ್ನೊಂದು ಕಡೆ ನೆನಪಿನ ಲೆಕ್ಕ. ಹಳಿಯ ಸದ್ದು, ಮಳೆ, ಕಳವಾ ಎಂಬ ಹೆಸರು, ಹಸಿರು ದುಪಟ್ಟಾ. ಇವು ಯಾರನ್ನೂ ಕೊಲ್ಲುವುದಿಲ್ಲ. ಇವತ್ತು ಹೊರಗೆ ಹೋಗದಿರುವುದಕ್ಕೆ ಕಾರಣ ಯಾವ ಕಡೆಯದು ಎಂದು ದಿನವೂ ತಾನೇ ಕೇಳಿಕೊಳ್ಳಬೇಕು. ಕಿರಾಣಿ ಅಂಗಡಿಗೆ ಹೋಗುವ ಅಕ್ಕ ಸ್ಟೇಷನ್ ರಸ್ತೆಯನ್ನು ಮಾತ್ರ ಬಿಟ್ಟು ಸುತ್ತಿ ಹೋಗುತ್ತಿದ್ದರು. ಬರೆದು ನೋಡಿದಾಗ ಅದರಲ್ಲಿ ವೈರಸ್ಸಿನ ಪಾತ್ರ ಏನೂ ಇಲ್ಲ ಎಂದು ಅವರಿಗೇ ಕಂಡಿತು.

ಆ ವರ್ಷದ ಅಕ್ಟೋಬರ್ 21ರಿಂದ ಎಲ್ಲ ಮಹಿಳೆಯರಿಗೂ ಲೋಕಲ್ ಪ್ರಯಾಣಕ್ಕೆ ಅನುಮತಿ ಸಿಕ್ಕಿತು. ಬೆಳಿಗ್ಗೆ 11ರಿಂದ ಮಧ್ಯಾಹ್ನ 3, ಮತ್ತೆ ಸಂಜೆ 7ರ ನಂತರ. ಜನಸಂದಣಿ ಇಲ್ಲದ ಹೊತ್ತು, ಹೆಂಗಸರಿಗೆ ಮಾತ್ರ! ಚಿಕಿತ್ಸೆಯ ಮುಂದಿನ ಮೆಟ್ಟಿಲಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆಂದರೂ ಸಿಗದು. ಮೊದಲ ದಿನ ಮುಂಬ್ರಾದಿಂದ ದಿವಾ, ಒಂದೇ ಸ್ಟೇಷನ್. ನಾನು ಪಕ್ಕದಲ್ಲಿದ್ದೆ. ಎರಡನೆಯ ವಾರ ನಾನು ಮುಂದಿನ ಡಬ್ಬಿಯಲ್ಲಿ, ಅಕ್ಕ ಹಿಂದಿನದರಲ್ಲಿ. ಮೂರನೆಯ ವಾರ ಕಳವಾ ಕಡೆಗೆ, ಅಂದರೆ ಆ ಜಾಗ ದಾಟಿ. ಅಂಕ 90ಕ್ಕೆ ಏರಿತ್ತಂತೆ, ಥಾಣೆ ಬರುವಾಗ 55. ಇಳಿಯದೆ ಕೂತಿದ್ದರು, ಅದೇ ಗೆಲುವು. ಡಿಸೆಂಬರಿನಲ್ಲಿ ಒಬ್ಬರೇ ಡೊಂಬಿವಲಿಗೆ ಹೋಗಿ ತಂಗಿಯ ಮನೆಯಲ್ಲಿ ಊಟ ಮಾಡಿ ಬಂದರು. 2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆಗೆ ಮತ್ತೆ ರೈಲು ಸಾರ್ವಜನಿಕರಿಗೆ ಬಂದ್. ಆಗ ಪುನಃ ಸದ್ದಿನ ಅಭ್ಯಾಸ, ಪುನಃ ನೋಟ್‌ಬುಕ್ಕು. ಎರಡು ಲಸಿಕೆ ಪಡೆದವರಿಗೆ ಆಗಸ್ಟ್ 15ರಿಂದ ಬಾಗಿಲು ತೆರೆದಾಗ, ಕಳೆದುಕೊಂಡದ್ದು ಹೆಚ್ಚೇನೂ ಇರಲಿಲ್ಲ.

ಇನ್ನು ಎಚ್ಚರಿಕೆಯ ಮಾತು. ಇದನ್ನು ಯೂಟ್ಯೂಬ್ ನೋಡಿ ನಾವೇ ಮನೆಯವರ ಮೇಲೆ ಪ್ರಯೋಗ ಮಾಡುವಂಥದ್ದಲ್ಲ. “ಹೆದರಿಕೆ ಬಿಡು, ಬಾ” ಎಂದು ಎಳೆದುಕೊಂಡು ಹೋಗುವುದು ಎಕ್ಸ್‌ಪೋಷರ್ ಅಲ್ಲ, ಮತ್ತೊಂದು ಆಘಾತ. ತರಬೇತಿ ಪಡೆದವರ ಮಾರ್ಗದರ್ಶನ ಬೇಕು. ಆತ್ಮಹತ್ಯೆಯ ಯೋಚನೆ ಇದ್ದವರಿಗೆ ಮೊದಲು ಅದಕ್ಕೆ ಚಿಕಿತ್ಸೆ. ಮತ್ತು ಅಪಾಯ ಮನೆಯೊಳಗೇ ಇದ್ದರೆ? ಲಾಕ್‌ಡೌನಿನಲ್ಲಿ ಹೊಡೆಯುವವನ ಜೊತೆಗೇ ಬಾಗಿಲು ಹಾಕಿಕೊಂಡು ಇರಬೇಕಾದ ಹೆಂಗಸರು ಎಷ್ಟೋ ಮಂದಿ. ರಾಷ್ಟ್ರೀಯ ಮಹಿಳಾ ಆಯೋಗ 2020ರ ಏಪ್ರಿಲ್‌ನಲ್ಲಿ ದೂರಿಗಾಗಿ ವಾಟ್ಸಾಪ್ ಸಂಖ್ಯೆಯನ್ನೇ ತೆರೆಯಬೇಕಾಯಿತು. ಅಲ್ಲಿ ಹೆದರಿಕೆ ಕಾಯಿಲೆಯಲ್ಲ, ಕಾವಲುಗಾರ. ಅಂಥವರಿಗೆ ಹೆದರಿಕೆಯನ್ನು ಸಹಿಸುವ ಪಾಠ ಹೇಳಬಾರದು, ಸುರಕ್ಷಿತ ಜಾಗ ಕೊಡಬೇಕು. ಮಹಿಳಾ ಸಹಾಯವಾಣಿ 181 ನೆನಪಿಡಿ.

ಕಳೆದುಹೋದ ಕಾಲದ ಕಥೆ ಈಗೇಕೆ ಎಂದು ನೀವು ಕೇಳಬಹುದು. 2025ರ ಜೂನ್ 9ರ ಬೆಳಿಗ್ಗೆ ನಮ್ಮ ಮುಂಬ್ರಾ ಸ್ಟೇಷನ್ ಹತ್ತಿರ ಏನಾಯಿತು ಎಂದು ನಿಮಗೆಲ್ಲ ಗೊತ್ತಿದೆ. ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಆ ದಿನ ನಾನು ಅಕ್ಕನ ಮನೆಗೆ ಓಡಿದೆ. ಟಿ.ವಿ. ಆರಿಸಿ ಕೂತಿದ್ದರು, ಕೈ ನಡುಗುತ್ತಿತ್ತು. ಎರಡು ದಿನ ರಜೆ ಹಾಕಿದರು. ಮೂರನೆಯ ದಿನ ಹಳೆಯ ನೋಟ್‌ಬುಕ್ಕು ತೆಗೆದು ಗೆರೆ ಎಳೆದು ಬರೆದರು. ಬಾಗಿಲ ಬಳಿ ನಿಲ್ಲುವುದಿಲ್ಲ, ತುಂಬಿದ ಗಾಡಿ ಬಿಟ್ಟು ಮುಂದಿನದನ್ನು ಹಿಡಿಯುತ್ತೇನೆ. ಇದು ಅಪಾಯದ ಕಡೆ. ರೈಲನ್ನೇ ಹತ್ತುವುದಿಲ್ಲ, ಇದು ನೆನಪಿನ ಕಡೆ. ಬರೆದು ಮುಗಿಸಿ, “ಹೊರಡ್ತೇನೆ ಮಾರಾಯ್ತಿ, ಹನ್ನೊಂದು ಗಂಟೆಯದ್ದು ಖಾಲಿ ಇರ್ತದೆ” ಎಂದು ಹೊರಟರು. ಚಿಕಿತ್ಸೆ ಎಂದರೆ ಹೆದರಿಕೆಯೇ ಇಲ್ಲದಂತಾಗುವುದು ಎಂದು ನಾನು ತಿಳಿದಿದ್ದೆ. ಅಲ್ಲ, ಯಾವ ಹೆದರಿಕೆಯ ಮಾತು ಕೇಳಬೇಕು, ಯಾವುದರ ಮಾತು ಕೇಳಬಾರದು ಎಂಬ ವಿವೇಕ ಬರುವುದು.

ಅಂದು ರೈಲಿನಲ್ಲಿದ್ದು ಬದುಕಿ ಉಳಿದವರು, ಪ್ಲಾಟ್‌ಫಾರ್ಮಿನಿಂದ ನೋಡಿದವರು ನಮ್ಮ ಕಟ್ಟಡಗಳಲ್ಲೇ ಇದ್ದಾರೆ. ಕೊರೊನಾದಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ತಮ್ಮವರನ್ನು ಬಿಟ್ಟು ಕೊನೆಗೂ ಮುಖ ನೋಡಲಾಗದವರು ಇಂದಿಗೂ ಆ ರಸ್ತೆಯಲ್ಲಿ ಹೋಗುವುದಿಲ್ಲ. ಸಂಘವಾಗಿ ನಾವು ಏನು ಮಾಡಬಹುದು? ನನ್ನ ಸಲಹೆ ಮೂರು. ಸಂಘದ ಕಚೇರಿಯಲ್ಲಿ ವಾರದ ದಿನ ಖಾಲಿ ಇರುವ ಒಂದು ಕೋಣೆಯನ್ನು, ಬಾಗಿಲು ಮತ್ತು ವೈಫೈ ಸಮೇತ, ಫೋನ್ ಮೂಲಕ ಸಮಾಲೋಚನೆ ಮಾಡುವ ಮಹಿಳೆಯರಿಗೆ ಒಂದೆರಡು ತಾಸು ಬಿಟ್ಟುಕೊಡೋಣ. ಯಾರು, ಏನು ಎಂದು ಕೇಳದೆ. ಕನ್ನಡ, ತುಳು ಬಲ್ಲ ಮನಶ್ಶಾಸ್ತ್ರಜ್ಞರ ಒಂದು ಪಟ್ಟಿ ಮಾಡೋಣ. ಮತ್ತು 14416 ಎಂಬ ಸಂಖ್ಯೆಯನ್ನು ಪ್ರತಿ ಮನೆಯ ಫ್ರಿಜ್ಜಿನ ಮೇಲೆ ಅಂಟಿಸೋಣ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಉಚಿತ, ಹಗಲು ರಾತ್ರಿ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ.

ಮೂರರಲ್ಲಿ ಮೊದಲನೆಯದಕ್ಕೆ ಹಣವೇ ಬೇಡ, ಒಂದು ಕೀಲಿಕೈ ಸಾಕು. ಅದನ್ನು ನೋಡಿಕೊಳ್ಳುವ ಜವಾಬ್ದಾರಿ ಕೊಟ್ಟರೆ ವಹಿಸಿಕೊಳ್ಳಲು ನಾನು ಸಿದ್ಧಳಿದ್ದೇನೆ. ನಿಮ್ಮಲ್ಲಿ ಇನ್ನಿಬ್ಬರು ಕೈ ಎತ್ತಿದರೆ ಬರುವ ತಿಂಗಳೇ ಶುರುಮಾಡಬಹುದು.